ಇಂಜಿನ್ ನಿಂತರೂ ಇಳಿಯುವ ದಾರಿ ಹುಡುಕಿದ ಸಿಯೆರ್ವಾ: ಹೆಲಿಕಾಪ್ಟರ್ ತರಬೇತಿ ಅಪಘಾತಗಳ ಹಿಂದಿನ ಒಂದು ಜೀವನಕಥೆ

ಗುಬ್ಬಿ: ಆಕಾಶದಲ್ಲಿ ಗಡಗಡ ಸದ್ದು ಕೇಳಿದ್ರೆ ಗಲ್ಲಾಪೆಟ್ಟಿಗೆ ಬಿಟ್ಟು ಹೊರಗೆ ಬಂದು ಕತ್ತೆತ್ತಿ ನೋಡುವ ಅಭ್ಯಾಸ ನಮ್ಮಲ್ಲಿ ಯಾರಿಗೆ ಇಲ್ಲ ಹೇಳಿ? ತಾಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಬಂದ ಮೇಲಂತೂ ಟೀ ಅಂಗಡಿ ಮಾತಿನಲ್ಲಿ ಹೆಲಿಕಾಪ್ಟರ್ ಸೇರಿಕೊಂಡುಬಿಟ್ಟಿದೆ. ಆ ಮಾತಿನ ನಡುವೆ ಒಂದು ಪ್ರಶ್ನೆ ಪದೇ ಪದೇ ಬರುತ್ತೆ. ಮೇಲೆ ಹೋದಾಗ ಇಂಜಿನ್ ಆಫ್ ಆದ್ರೆ ಏನು ಗತಿ? ಕಲ್ಲು ಬಿದ್ದ ಹಾಗೆ ಬೀಳುತ್ತಲ್ವಾ?

ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಆದರೆ ಹಾಗಲ್ಲ. ಇಂಜಿನ್ ನಿಂತ ಹೆಲಿಕಾಪ್ಟರನ್ನು ಸುರಕ್ಷಿತವಾಗಿ ನೆಲಕ್ಕೆ ತರಲು ಒಂದು ದಾರಿ ಇದೆ. ಅದಕ್ಕೆ ಆಟೋರೊಟೇಷನ್ ಅಂತ ಹೆಸರು. ಅಂದ್ರೆ ಇಂಜಿನ್ನಿನ ಸಹಾಯವಿಲ್ಲದೆ, ಕೆಳಗಿನಿಂದ ಬರುವ ಗಾಳಿಯಿಂದಲೇ ತಲೆ ಮೇಲಿನ ರೆಕ್ಕೆ ತಿರುಗುವುದು. ಹೆಲಿಕಾಪ್ಟರ್ ಕಲಿಯುವ ಪ್ರತಿಯೊಬ್ಬ ಪೈಲಟ್‌ಗೂ ಈ ಪಾಠ ಕಡ್ಡಾಯ. ವಿಚಿತ್ರ ಏನಂದ್ರೆ, ಜೀವ ಉಳಿಸಲಿಕ್ಕೆಂದೇ ಕಲಿಸುವ ಈ ಪಾಠದ ಅಭ್ಯಾಸದ ವೇಳೆಯಲ್ಲೇ ಪ್ರಪಂಚದ ನಾನಾ ಕಡೆ ಹೆಲಿಕಾಪ್ಟರ್‌ಗಳು ನೆಲಕ್ಕೆ ಬಡಿದಿವೆ, ಜನ ಸತ್ತಿದ್ದಾರೆ.

ಈ ವಿದ್ಯೆಯನ್ನು ಕೆಲಸಕ್ಕೆ ಬರುವಂತೆ ಮಾಡಿ ತೋರಿಸಿದವರು ಸ್ಪೇನ್ ದೇಶದ ಇಂಜಿನಿಯರ್ ಹುವಾನ್ ದೆ ಲಾ ಸಿಯೆರ್ವಾ. ವಿಮಾನ ಲೋಕದಲ್ಲಿ ದೊಡ್ಡ ಹೆಸರು, ನಮ್ಮ ಕಡೆ ಅಷ್ಟಾಗಿ ಗೊತ್ತಿಲ್ಲ. ಅವರ ಜೀವನ ತಿಳಿದರೆ, ಅಭ್ಯಾಸದಲ್ಲಿ ಅಪಘಾತ ಯಾಕೆ ಆಗುತ್ತೆ ಅನ್ನೋದೂ ತಿಳಿಯುತ್ತೆ.

ಬಡಗಿ ಅಂಗಡಿಯಲ್ಲಿ ಶುರುವಾದ ಹುಚ್ಚು

ಸಿಯೆರ್ವಾ ಹುಟ್ಟಿದ್ದು 1895ರ ಸೆಪ್ಟೆಂಬರ್ 21ರಂದು, ಸ್ಪೇನ್‌ನ ಮುರ್ಸಿಯಾ ಪಟ್ಟಣದಲ್ಲಿ. ಅನುಕೂಲಸ್ಥ ಮನೆತನ. ತಂದೆ ವಕೀಲರು, ಆ ದೇಶದ ರಾಜಕೀಯದಲ್ಲಿ ದೊಡ್ಡ ಕುಳ, ಹಲವು ಸಲ ಮಂತ್ರಿಯಾಗಿದ್ದವರು. ಮಗ ಓದಿ ತಮ್ಮ ದಾರಿಯಲ್ಲೇ ಬರಬೇಕು ಅನ್ನೋದು ಅಂಥ ಮನೆಗಳಲ್ಲಿ ಸಹಜ. ಆದರೆ ಹುಡುಗನ ಕಣ್ಣು ಆಕಾಶದ ಮೇಲೆ ಇತ್ತು.

ಆಗಿನ್ನೂ ವಿಮಾನ ಅನ್ನೋದೇ ಹೊಸದು. ಮ್ಯಾಡ್ರಿಡ್‌ನಲ್ಲಿ ಸಿಯೆರ್ವಾಗೆ ಇಬ್ಬರು ಗೆಳೆಯರು ಜೊತೆಯಾದರು. ಅವರಲ್ಲಿ ಒಬ್ಬ ಬಡಗಿಯ ಮಗ. ಅವರಪ್ಪನ ಮರಗೆಲಸದ ಅಂಗಡಿಯೇ ಇವರ ಪ್ರಯೋಗಶಾಲೆ. ಮೊದಲು ಇಂಜಿನ್ ಇಲ್ಲದ ಗ್ಲೈಡರ್ ಮಾಡಿದರು. ಆಮೇಲೆ 1912ರಲ್ಲಿ, ಒಬ್ಬ ಫ್ರೆಂಚ್ ಪೈಲಟ್‌ನ ಮುರಿದುಬಿದ್ದ ವಿಮಾನದ ಸಾಮಾನು ಬಳಸಿ ಸ್ವಂತ ವಿಮಾನ ಕಟ್ಟಿದರು. ಮೂವರ ಹೆಸರಿನ ಮೊದಲ ಅಕ್ಷರ ಸೇರಿಸಿ ಬಿಸಿಡಿ-1 ಎಂದು ಹೆಸರಿಟ್ಟರು. ಜನ ಅದನ್ನು ಏಡಿ ಅಂತ ಕರೆದರು. ಆ ಏಡಿ ಹಾರಿತು. ಸ್ಪೇನ್‌ನಲ್ಲೇ ತಯಾರಾಗಿ ಹಾರಿದ ಮೊದಲ ವಿಮಾನಗಳ ಸಾಲಿನಲ್ಲಿ ಅದನ್ನು ಲೆಕ್ಕ ಹಾಕುತ್ತಾರೆ. ಆಗ ಸಿಯೆರ್ವಾಗೆ ಇನ್ನೂ ಹದಿನಾರು ಹದಿನೇಳು ವರ್ಷ.

ಮುಂದೆ ಮ್ಯಾಡ್ರಿಡ್‌ನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದರು. ರಸ್ತೆ, ಸೇತುವೆ ಕಟ್ಟುವ ಓದು. ಆದರೆ ಲೆಕ್ಕ ಹಾಕಿದ್ದೆಲ್ಲ ರೆಕ್ಕೆಯ ಬಗ್ಗೆಯೇ.

1919ರ ಆ ಅಪಘಾತ

ಸ್ಪೇನ್ ಸೇನೆ ಹೊಸ ವಿಮಾನಗಳಿಗಾಗಿ ಸ್ಪರ್ಧೆ ಕರೆಯಿತು. ಸಿಯೆರ್ವಾ ಮೂರು ಇಂಜಿನ್‌ನ ದೊಡ್ಡ ಬಾಂಬರ್ ವಿಮಾನ ತಯಾರಿಸಿದರು. 1919ರಲ್ಲಿ ಅದರ ಪರೀಕ್ಷಾ ಹಾರಾಟ. ಪೈಲಟ್ ಸೇನೆಯ ಕ್ಯಾಪ್ಟನ್. ನೆಲಕ್ಕೆ ಹತ್ತಿರದಲ್ಲೇ ತಿರುವು ತೆಗೆದುಕೊಳ್ಳುವಾಗ ವೇಗ ಕಡಿಮೆಯಾಯಿತು. ರೆಕ್ಕೆ ಹಿಡಿತ ಕಳೆದುಕೊಂಡಿತು. ವಿಮಾನ ನೆಲಕ್ಕೆ ಬಿದ್ದು ಪುಡಿಯಾಯಿತು. ಪುಣ್ಯಕ್ಕೆ ಪೈಲಟ್ ಬದುಕಿಕೊಂಡರು.

ಇಂಜಿನ್ ಕೆಟ್ಟಿರಲಿಲ್ಲ, ರೆಕ್ಕೆ ಮುರಿದಿರಲಿಲ್ಲ. ವೇಗ ಕಡಿಮೆಯಾಯಿತು, ಅಷ್ಟೇ. ವಿಮಾನದ ರೆಕ್ಕೆಗೆ ಗಾಳಿ ಸಿಗಬೇಕಾದರೆ ಇಡೀ ವಿಮಾನ ಮುಂದಕ್ಕೆ ಓಡುತ್ತಲೇ ಇರಬೇಕು. ಓಟ ನಿಧಾನವಾಗಿ, ಮೂತಿ ಮೇಲೆದ್ದರೆ ರೆಕ್ಕೆ ಭಾರ ಹೊರುವುದನ್ನೇ ಬಿಟ್ಟುಬಿಡುತ್ತೆ. ಇದಕ್ಕೆ ಸ್ಟಾಲ್ ಅಂತಾರೆ. ನೆಲದ ಹತ್ತಿರ ಸ್ಟಾಲ್ ಆದರೆ ಸುಧಾರಿಸಿಕೊಳ್ಳಲು ಎತ್ತರವೇ ಇರೋದಿಲ್ಲ.

ಸಿಯೆರ್ವಾ ತಲೆಗೆ ಹೊಕ್ಕಿದ್ದು ಇದೇ. ವಿಮಾನ ನಿಧಾನವಾದರೂ ರೆಕ್ಕೆ ಮಾತ್ರ ವೇಗವಾಗಿ ಓಡುತ್ತಲೇ ಇರುವ ಹಾಗೆ ಮಾಡಿದರೆ? ರೆಕ್ಕೆಯನ್ನು ತಲೆ ಮೇಲೆ ಗೋಲಾಕಾರದಲ್ಲಿ ತಿರುಗಲು ಬಿಟ್ಟರೆ? ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ಕಾಗದದ ಗಿರಗಿಟ್ಲೆ ನೋಡಿದ್ದೀರಲ್ಲ, ಅದಕ್ಕೆ ಇಂಜಿನ್ ಇಲ್ಲ, ಗಾಳಿ ಬೀಸಿದರೆ ಸಾಕು. ಅದೇ ರೀತಿ. ಮುಂದೆ ಒಂದು ಮಾಮೂಲಿ ಇಂಜಿನ್ ಮತ್ತು ಪ್ರೊಪೆಲ್ಲರ್ ವಿಮಾನವನ್ನು ಎಳೆಯಬೇಕು. ತಲೆ ಮೇಲಿನ ರೆಕ್ಕೆ, ಅಂದ್ರೆ ರೋಟರ್, ಇಂಜಿನ್‌ಗೆ ಸಂಬಂಧವೇ ಇಲ್ಲದೆ ಗಾಳಿಯಿಂದ ತಾನೇ ತಿರುಗಬೇಕು. 1920ರಲ್ಲಿ ಈ ಯೋಚನೆಗೆ ಪೇಟೆಂಟ್ ಅರ್ಜಿ ಹಾಕಿದರು. ಯಂತ್ರಕ್ಕೆ ಆಟೋಜೈರೊ ಎಂದು ಹೆಸರಿಟ್ಟರು.

ಇದರ ನಡುವೆ 1919ರಲ್ಲೇ ಅವರು ಮುರ್ಸಿಯಾ ಕಡೆಯಿಂದ ಸ್ಪೇನ್ ಸಂಸತ್ತಿಗೂ ಆಯ್ಕೆಯಾಗಿದ್ದರು. ರಾಜಕೀಯ ಮನೆಯಲ್ಲೇ ಇತ್ತು, ಆದರೆ ಮನಸ್ಸು ಶೆಡ್‌ನಲ್ಲಿತ್ತು.

ಮೂರು ಯಂತ್ರ ಕೈಕೊಟ್ಟವು

ಯೋಚನೆ ಸರಿ ಇತ್ತು, ಯಂತ್ರ ಮಾತು ಕೇಳಲಿಲ್ಲ. ಮೊದಲ ಮೂರು ಆಟೋಜೈರೊಗಳೂ ಸರಿಯಾಗಿ ಹಾರದೆ ಪಕ್ಕಕ್ಕೆ ವಾಲಿದವು, ಮಗುಚಿಕೊಂಡವು. ರಿಪೇರಿ ಮಾಡಿ ಮತ್ತೆ ಓಡಿಸಿದರೆ ಮತ್ತೆ ಅದೇ ಕಥೆ.

ಕಾರಣ ಹೀಗೆ. ಯಂತ್ರ ಮುಂದಕ್ಕೆ ಓಡುವಾಗ, ತಿರುಗುವ ರೆಕ್ಕೆಗಳಲ್ಲಿ ಒಂದು ಕಡೆಯದು ಮುಂದಕ್ಕೆ ಬರುತ್ತಿರುತ್ತೆ, ಇನ್ನೊಂದು ಕಡೆಯದು ಹಿಂದಕ್ಕೆ ಹೋಗುತ್ತಿರುತ್ತೆ. ಮುಂದಕ್ಕೆ ಬರುವ ರೆಕ್ಕೆಗೆ ಎದುರುಗಾಳಿ ಜಾಸ್ತಿ, ಅದು ಹೆಚ್ಚು ಎತ್ತುತ್ತೆ. ಹಿಂದಕ್ಕೆ ಹೋಗುವುದಕ್ಕೆ ಗಾಳಿ ಕಡಿಮೆ, ಅದು ಕಡಿಮೆ ಎತ್ತುತ್ತೆ. ತಕ್ಕಡಿಯ ಒಂದು ತಟ್ಟೆಗೆ ಕೆಜಿ ಕಲ್ಲು, ಇನ್ನೊಂದಕ್ಕೆ ಅರ್ಧ ಕೆಜಿ ಕಲ್ಲು ಇಟ್ಟ ಹಾಗೆ. ಯಂತ್ರ ಮಗುಚದೆ ಇನ್ನೇನಾದೀತು?

ಆದರೆ ಒಂದು ವಿಷಯ ಸಿಯೆರ್ವಾಗೆ ಒಗಟಾಗಿತ್ತು. ಅವರು ಮಾಡಿದ್ದ ಪುಟ್ಟ ಮಾದರಿ ಚೆನ್ನಾಗಿಯೇ ಹಾರುತ್ತಿತ್ತು. ದೊಡ್ಡದು ಮಾತ್ರ ಬೀಳುತ್ತಿತ್ತು. ವ್ಯತ್ಯಾಸ ಹುಡುಕಿದಾಗ ಸಿಕ್ಕಿತು: ಮಾದರಿಯ ರೆಕ್ಕೆಗಳಿಗೆ ಬೆತ್ತ ಹಾಕಿದ್ದರು. ಬೆತ್ತ ಬಾಗುತ್ತೆ. ಗಾಳಿ ಜಾಸ್ತಿಯಾದ ಕಡೆ ರೆಕ್ಕೆ ಸ್ವಲ್ಪ ಮೇಲಕ್ಕೆ ಬಾಗಿ ಹೆಚ್ಚಿನ ಒತ್ತಡ ಬಿಟ್ಟುಕೊಡುತ್ತೆ, ಇನ್ನೊಂದು ಕಡೆ ಕೆಳಗೆ ಬಂದು ಸರಿದೂಗಿಸುತ್ತೆ. ದೊಡ್ಡ ಯಂತ್ರದ ರೆಕ್ಕೆಗಳು ಬಿಗಿಯಾಗಿ ಕೂತಿದ್ದವು, ಬಾಗುವ ಮಾತೇ ಇರಲಿಲ್ಲ.

ಪರಿಹಾರ ಸರಳವಾಗಿತ್ತು. ಪ್ರತಿ ರೆಕ್ಕೆಯ ಬುಡಕ್ಕೂ ಬಾಗಿಲಿಗೆ ಹಾಕುವ ಹಾಗೆ ಒಂದು ಕೀಲು. ರೆಕ್ಕೆ ತಾನೇ ಮೇಲೆ ಕೆಳಗೆ ಆಡಿಕೊಳ್ಳಲಿ ಅಂತ ಬಿಟ್ಟುಬಿಟ್ಟರು. ಬಿಗಿಯಾಗಿ ಹಿಡಿದಿದ್ದನ್ನು ಸಡಿಲ ಬಿಟ್ಟಾಗ ಯಂತ್ರ ನೆಟ್ಟಗೆ ನಿಂತಿತು. ಇವತ್ತಿಗೂ ಬಹಳಷ್ಟು ಹೆಲಿಕಾಪ್ಟರ್‌ಗಳ ರೋಟರ್‌ನಲ್ಲಿ ಇದೇ ತತ್ವ ಕೆಲಸ ಮಾಡುತ್ತಿದೆ.

ಇಂಜಿನ್ ನಿಂತಿತು, ಯಂತ್ರ ಬೀಳಲಿಲ್ಲ

1923ರ ಜನವರಿ. ಮ್ಯಾಡ್ರಿಡ್ ಹತ್ತಿರದ ಹೆತಾಫೆ ವಿಮಾನ ಮೈದಾನ. ಸಿ-4 ಎಂಬ ಆಟೋಜೈರೊವನ್ನು ಲೆಫ್ಟಿನೆಂಟ್ ಗೋಮೆಸ್ ಸ್ಪೆನ್ಸರ್ ಹಾರಿಸಿದರು. ಈ ಸಲ ಮಗುಚಲಿಲ್ಲ.

ಕೆಲವೇ ದಿನದಲ್ಲಿ ಬೇಡದ ಪರೀಕ್ಷೆಯೂ ಆಗಿಹೋಯಿತು. ಮೇಲೆದ್ದ ಸ್ವಲ್ಪ ಹೊತ್ತಿಗೇ ಇಂಜಿನ್ ನಿಂತುಹೋಯಿತು. ಮಾಮೂಲಿ ವಿಮಾನವಾಗಿದ್ದರೆ 1919ರ ಕಥೆಯೇ ಮತ್ತೆ ನಡೆಯಬೇಕಿತ್ತು. ಆದರೆ ಮೇಲಿನ ರೋಟರ್ ತಿರುಗುತ್ತಲೇ ಇತ್ತು. ಯಂತ್ರ ನಿಧಾನವಾಗಿ, ಕಡಿದಾಗಿ ಇಳಿದು ನೆಲದ ಮೇಲೆ ಕೂತಿತು. ಪೈಲಟ್‌ಗೆ ಏನೂ ಆಗಲಿಲ್ಲ. ಇಂಜಿನ್ ಕೈಕೊಟ್ಟರೂ ತಿರುಗುವ ರೆಕ್ಕೆ ಮನುಷ್ಯನನ್ನು ಹುಷಾರಾಗಿ ಇಳಿಸುತ್ತೆ ಅನ್ನೋದು ಆವತ್ತು ಎಲ್ಲರ ಕಣ್ಣೆದುರೇ ಸಾಬೀತಾಯಿತು.

ಇಲ್ಲಿ ಒಂದು ಮಾತು ಗಮನದಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಆಟೋಜೈರೊದ ರೋಟರ್ ಯಾವಾಗಲೂ ಗಾಳಿಯಿಂದಲೇ ತಿರುಗುತ್ತೆ. ಇಂಜಿನ್ ನಿಂತಾಗ ರೋಟರ್‌ಗೆ ಅದು ಗೊತ್ತೇ ಆಗೋದಿಲ್ಲ. ಹಾಗಾಗಿ ಪೈಲಟ್ ಗಾಬರಿಯಲ್ಲಿ ಲಿವರ್ ಎಳೆಯುವ, ತಳ್ಳುವ ಕೆಲಸ ಇಲ್ಲ.

ಬ್ರಿಟನ್‌ಗೆ ಹೋದರು

1924ರ ಡಿಸೆಂಬರ್‌ನಲ್ಲಿ ಹೊಸ ಆಟೋಜೈರೊ ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ, ಹತ್ತು ಕಿಲೋಮೀಟರ್‌ಗೂ ಸ್ವಲ್ಪ ಹೆಚ್ಚು ದೂರ ಹಾರಿತು. 1925ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡ್‌ನ ಫಾರ್ನ್‌ಬರೋದಲ್ಲಿ ಬ್ರಿಟಿಷ್ ಅಧಿಕಾರಿಗಳ ಎದುರು ಪ್ರದರ್ಶನ ನಡೆಯಿತು. ನೋಡಿದವರು ಬೆರಗಾದರು. ಬಂಡವಾಳ ಹಾಕಲು ಸ್ಕಾಟ್ಲೆಂಡಿನ ಉದ್ಯಮಿ ಜೇಮ್ಸ್ ವೆಯರ್ ಮುಂದೆ ಬಂದರು. 1926ರಲ್ಲಿ ಸಿಯೆರ್ವಾ ಆಟೋಜೈರೊ ಕಂಪನಿ ಶುರುವಾಯಿತು.

ಆದರೆ ಹಾದಿ ಸಲೀಸಾಗಿರಲಿಲ್ಲ. 1927ರ ಫೆಬ್ರವರಿಯಲ್ಲಿ ಇಂಗ್ಲೆಂಡ್‌ನ ಹ್ಯಾಂಬಲ್‌ನಲ್ಲಿ ಪರೀಕ್ಷಾ ಹಾರಾಟದ ವೇಳೆ ರೋಟರ್‌ನ ರೆಕ್ಕೆಯೇ ಕಿತ್ತುಬಂತು. ಪೈಲಟ್ ಫ್ರಾಂಕ್ ಕೋರ್ಟ್ನಿ ಗಾಯಗೊಂಡರು, ಜೀವ ಉಳಿಯಿತು. ರೆಕ್ಕೆ ಮೇಲೆ ಕೆಳಗೆ ಆಡಲು ಕೀಲು ಇತ್ತು, ಸರಿ. ಆದರೆ ಹಿಂದೆ ಮುಂದೆ ಎಳೆತವೂ ಬೀಳುತ್ತಿತ್ತು. ಅದಕ್ಕೆ ಜಾಗ ಇಲ್ಲದೆ ಬುಡದ ಲೋಹ ದಣಿದು ಮುರಿಯಿತು. ಸಿಯೆರ್ವಾ ಅದಕ್ಕೆ ಇನ್ನೊಂದು ಕೀಲು ಸೇರಿಸಿದರು.

ಈ ಹೊತ್ತಿಗೆ ಅವರು ಇನ್ನೊಂದು ನಿರ್ಧಾರ ಮಾಡಿದರು. ಅದುವರೆಗೆ ಅವರು ಕಾಗದದ ಮೇಲೆ ಲೆಕ್ಕ ಹಾಕುತ್ತಿದ್ದರು, ಬೇರೆಯವರು ಹಾರಿಸುತ್ತಿದ್ದರು. 1927ರಲ್ಲಿ ತಾವೇ ವಿಮಾನ ಹಾರಿಸಲು ಕಲಿತು ಲೈಸೆನ್ಸ್ ಪಡೆದರು. ಆಮೇಲೆ ತಮ್ಮ ಯಂತ್ರದಲ್ಲಿ ತಾವೇ ಕೂತು ಪರೀಕ್ಷೆ ಮಾಡತೊಡಗಿದರು. 1928ರ ಸೆಪ್ಟೆಂಬರ್ 18ರಂದು ಲಂಡನ್ ಬಳಿಯ ಕ್ರಾಯ್ಡನ್‌ನಿಂದ ಹೊರಟು, ಒಬ್ಬ ಪ್ರಯಾಣಿಕನನ್ನೂ ಕೂರಿಸಿಕೊಂಡು, ಇಂಗ್ಲಿಷ್ ಕಾಲುವೆ ಸಮುದ್ರ ದಾಟಿ ಪ್ಯಾರಿಸ್ ತಲುಪಿದರು. ತಿರುಗುವ ರೆಕ್ಕೆಯ ಯಂತ್ರವೊಂದು ಆ ಸಮುದ್ರ ದಾಟಿದ್ದು ಅದೇ ಮೊದಲು.

1932ರಲ್ಲಿ ಲಂಡನ್ ಹತ್ತಿರದ ಹ್ಯಾನ್‌ವರ್ತ್‌ನಲ್ಲಿ ಆಟೋಜೈರೊ ಕಲಿಸುವ ಶಾಲೆ ಶುರುವಾಯಿತು. ಅದೇ ವರ್ಷ ಅವರಿಗೆ ವಿಮಾನ ಕ್ಷೇತ್ರದ ದೊಡ್ಡ ಗೌರವಗಳಲ್ಲಿ ಒಂದಾದ ಗುಗನ್‌ಹೈಮ್ ಪದಕ ಬಂತು. 1934ರ ಮಾರ್ಚ್‌ನಲ್ಲಿ ಸ್ಪೇನ್‌ನ ವಲೆನ್ಸಿಯಾ ಬಂದರಿನಲ್ಲಿ ನಿಂತಿದ್ದ ದೆದಾಲೊ ಎಂಬ ಹಡಗಿನ ಮೇಲೆ ಸಿಯೆರ್ವಾ ಸ್ವತಃ ಆಟೋಜೈರೊ ಇಳಿಸಿ, ಅಲ್ಲಿಂದಲೇ ಮತ್ತೆ ಹಾರಿಸಿಕೊಂಡು ಹೋದರು. ಅಮೆರಿಕ, ಫ್ರಾನ್ಸ್, ಜರ್ಮನಿ ಕಂಪನಿಗಳು ಲೈಸೆನ್ಸ್ ತೆಗೆದುಕೊಂಡು ಇವರ ಯಂತ್ರ ತಯಾರಿಸತೊಡಗಿದವು.

ಯುದ್ಧದ ವರ್ಷ

ಒಬ್ಬರ ಜೀವನ ಬರೆಯುವಾಗ ಒಳ್ಳೆಯದನ್ನು ಮಾತ್ರ ಬರೆದರೆ ನ್ಯಾಯವಲ್ಲ. 1936ರ ಜುಲೈನಲ್ಲಿ ಸ್ಪೇನ್‌ನಲ್ಲಿ ಚುನಾಯಿತ ಗಣರಾಜ್ಯ ಸರ್ಕಾರದ ವಿರುದ್ಧ ಸೇನಾ ಅಧಿಕಾರಿಗಳು ದಂಗೆ ಎದ್ದರು. ಜನರಲ್ ಫ್ರಾಂಕೊ ಆಗ ದೂರದ ಕ್ಯಾನರಿ ದ್ವೀಪಗಳಲ್ಲಿದ್ದರು. ಅವರನ್ನು ಮೊರೊಕ್ಕೊಗೆ ಕರೆತರಲು ಇಂಗ್ಲೆಂಡ್‌ನಿಂದ ಒಂದು ಬಾಡಿಗೆ ವಿಮಾನ ಹೋಯಿತು. ಅದನ್ನು ಗೊತ್ತುಮಾಡಿಕೊಡಲು ನೆರವಾದವರಲ್ಲಿ ಸಿಯೆರ್ವಾ ಒಬ್ಬರು. ಆ ವಿಮಾನ ಹೊರಟಿದ್ದೂ ಕ್ರಾಯ್ಡನ್ ನಿಲ್ದಾಣದಿಂದಲೇ. ಮುಂದೆ ಮೂರು ವರ್ಷ ಅಂತರ್ಯುದ್ಧ, ಆಮೇಲೆ ದಶಕಗಳ ಸರ್ವಾಧಿಕಾರ.

ಯುದ್ಧ ಅವರ ಮನೆಯನ್ನೂ ಬಿಡಲಿಲ್ಲ. 1936ರ ನವೆಂಬರ್‌ನಲ್ಲಿ ಮ್ಯಾಡ್ರಿಡ್ ಹೊರಗಿನ ಪಾರಾಕುಯೆಲ್ಲೋಸ್‌ನಲ್ಲಿ ನಡೆದ ಕೈದಿಗಳ ಹತ್ಯೆಯಲ್ಲಿ ಅವರ ತಮ್ಮ ರಿಕಾರ್ಡೊ ಸತ್ತರು. ಹುಟ್ಟೂರು ಮುರ್ಸಿಯಾದ ವಿಮಾನ ನಿಲ್ದಾಣಕ್ಕೆ ಸಿಯೆರ್ವಾ ಹೆಸರಿಡುವ ವಿಷಯ ಇತ್ತೀಚಿನ ವರ್ಷಗಳಲ್ಲಿ ವಿವಾದವಾಗಿದ್ದು ಈ ರಾಜಕೀಯದ ಕಾರಣಕ್ಕೇ.

ಮಂಜು ಮುಸುಕಿದ ಬೆಳಗ್ಗೆ

1936ರ ಡಿಸೆಂಬರ್ 9. ಕ್ರಾಯ್ಡನ್‌ನಲ್ಲಿ ದಟ್ಟ ಮಂಜು. ಕೆಎಲ್‌ಎಂ ಕಂಪನಿಯ ಡಿಸಿ-2 ವಿಮಾನ ಆಮ್‌ಸ್ಟರ್‌ಡ್ಯಾಮ್‌ಗೆ ಹೊರಟು ನಿಂತಿತ್ತು. ಸಿಯೆರ್ವಾ ಅದರಲ್ಲಿ ಮಾಮೂಲಿ ಪ್ರಯಾಣಿಕ. ಆಗ ಮಂಜಿನಲ್ಲಿ ಪೈಲಟ್‌ಗಳು ಮೈದಾನದ ಹುಲ್ಲಿನ ಮೇಲೆ ಎಳೆದಿದ್ದ ಬಿಳಿ ಗೆರೆ ನೋಡಿಕೊಂಡು ವಿಮಾನ ಓಡಿಸುತ್ತಿದ್ದರು. ವಿಮಾನ ಗೆರೆ ಬಿಟ್ಟು ಎಡಕ್ಕೆ ಸರಿಯಿತು. ಎತ್ತರ ಸಾಲದೆ ಪಕ್ಕದ ಮನೆಗಳಿಗೆ ಬಡಿದು ಹೊತ್ತಿಕೊಂಡಿತು. ಇದ್ದ 17 ಜನರಲ್ಲಿ 15 ಮಂದಿ ಸತ್ತರು. ಸ್ವೀಡನ್‌ನ ಮಾಜಿ ಪ್ರಧಾನಿ ಅರ್ವಿಡ್ ಲಿಂಡ್‌ಮನ್ ಕೂಡ ಅದರಲ್ಲಿದ್ದರು. ಸಿಯೆರ್ವಾಗೆ ಆಗ 41 ವರ್ಷ.

ನೆಲದ ಹತ್ತಿರ ವಿಮಾನ ಬೀಳುವುದನ್ನು ತಪ್ಪಿಸಬೇಕು ಅಂತ ಹದಿನೇಳು ವರ್ಷ ದುಡಿದ ಮನುಷ್ಯ, ನೆಲದ ಹತ್ತಿರವೇ ಮಾಮೂಲಿ ರೆಕ್ಕೆಯ ವಿಮಾನದಲ್ಲಿ ಹೋಗಿಬಿಟ್ಟರು.

ಆಟೋಜೈರೊ ಹೋಯಿತು, ವಿದ್ಯೆ ಉಳಿಯಿತು

ಸಿಯೆರ್ವಾ ಸಾಯುವ ಆರು ತಿಂಗಳ ಮುಂಚೆ, 1936ರ ಜೂನ್ 26ರಂದು, ಜರ್ಮನಿಯಲ್ಲಿ ಎಫ್‌ಡಬ್ಲ್ಯು-61 ಎಂಬ ಹೆಲಿಕಾಪ್ಟರ್ ಮೊದಲ ಸಲ ಹಾರಿತ್ತು. ಅದನ್ನು ರೂಪಿಸಿದ ಹೈನ್‌ರಿಶ್ ಫೋಕೆ ಅವರ ಕಂಪನಿ ಅದಕ್ಕೂ ಮೊದಲು ಸಿಯೆರ್ವಾ ಲೈಸೆನ್ಸ್‌ನಲ್ಲಿ ಆಟೋಜೈರೊ ತಯಾರಿಸಿ ಕೈ ಪಳಗಿಸಿಕೊಂಡಿತ್ತು. 1937ರ ಮೇ 10ರಂದು ಪೈಲಟ್ ಎವಾಲ್ಡ್ ರೋಲ್ಫ್ಸ್ ಆ ಹೆಲಿಕಾಪ್ಟರ್‌ನ ಇಂಜಿನ್ ಬೇಕೆಂದೇ ಆಫ್ ಮಾಡಿ, ಆಟೋರೊಟೇಷನ್‌ನಲ್ಲಿ ನೆಲಕ್ಕೆ ಇಳಿಸಿ ತೋರಿಸಿದರು. ಸಿಯೆರ್ವಾ ಸತ್ತು ಆಗ ಐದು ತಿಂಗಳು. 1939ರಲ್ಲಿ ಅಮೆರಿಕದಲ್ಲಿ ಸಿಕೋರ್ಸ್ಕಿ ಅವರ ಹೆಲಿಕಾಪ್ಟರ್ ಬಂತು. ನಿಂತಲ್ಲೇ ಮೇಲೇಳುವ, ಗಾಳಿಯಲ್ಲಿ ನಿಂತುಕೊಳ್ಳುವ ಯಂತ್ರ ಬಂದ ಮೇಲೆ ಆಟೋಜೈರೊ ಕೇಳುವವರಿಲ್ಲ.

ಆದರೆ ಇಲ್ಲಿ ಒಂದು ದೊಡ್ಡ ವ್ಯತ್ಯಾಸವಾಯಿತು. ಹೆಲಿಕಾಪ್ಟರ್‌ನಲ್ಲಿ ರೋಟರನ್ನು ತಿರುಗಿಸುವುದೇ ಇಂಜಿನ್. ಗಾಳಿಯನ್ನು ಮೇಲಿಂದ ಎಳೆದು ಕೆಳಕ್ಕೆ ತಳ್ಳುತ್ತೆ. ಇಂಜಿನ್ ನಿಂತರೆ ಗಾಳಿ ಕೆಳಗಿಂದ ಮೇಲಕ್ಕೆ ಹರಿಯುವ ಹಾಗೆ ಪೈಲಟ್ ಮಾಡಿಕೊಳ್ಳಬೇಕು. ಆಟೋಜೈರೊದಲ್ಲಿ ಸದಾ ಇರುತ್ತಿದ್ದ ರಕ್ಷಣೆ, ಹೆಲಿಕಾಪ್ಟರ್‌ನಲ್ಲಿ ಕ್ಷಣಮಾತ್ರದಲ್ಲಿ ಹಿಡಿದುಕೊಳ್ಳಬೇಕಾದ ರಕ್ಷಣೆಯಾಯಿತು. ತರಬೇತಿ ಬೇಕಾಗಿದ್ದು ಇದಕ್ಕೇ. ಅಪಘಾತಗಳು ಶುರುವಾಗಿದ್ದೂ ಇಲ್ಲೇ.

ಅಭ್ಯಾಸ ಹೇಗೆ ನಡೆಯುತ್ತೆ?

ಸೈಕಲ್ ತುಳಿಯೋದು ನಿಲ್ಲಿಸಿದರೂ ಹಿಂದಿನ ಚಕ್ರ ತಿರುಗುತ್ತಲೇ ಇರುತ್ತಲ್ಲ? ಅದಕ್ಕೆ ಕಾರಣ ಫ್ರೀವೀಲ್. ಹೆಲಿಕಾಪ್ಟರ್‌ನಲ್ಲೂ ಅಂಥದ್ದೇ ಒಂದು ವ್ಯವಸ್ಥೆ ಇದೆ. ಇಂಜಿನ್ ನಿಂತರೆ ರೋಟರ್ ಅದರಿಂದ ಬಿಡಿಸಿಕೊಂಡು ತಾನೇ ತಿರುಗುತ್ತೆ. ಆದರೆ ಎಷ್ಟು ಹೊತ್ತು? ಪೈಲಟ್ ಸುಮ್ಮನೆ ಕೂತರೆ ರೋಟರ್ ವೇಗ ದಬದಬ ಇಳಿಯುತ್ತೆ. ಸಣ್ಣ ಹೆಲಿಕಾಪ್ಟರ್‌ನಲ್ಲಿ ಸಿಗುವುದು ಒಂದೆರಡು ಸೆಕೆಂಡ್ ಮಾತ್ರ.

ಆ ಒಂದೆರಡು ಸೆಕೆಂಡ್‌ನಲ್ಲಿ ಎಡಗೈಯ ಕಲೆಕ್ಟಿವ್ ಲಿವರ್ ಕೆಳಗಿಳಿಸಬೇಕು. ಆಗ ರೆಕ್ಕೆಗಳ ಓರೆ ಕಡಿಮೆಯಾಗಿ, ಕೆಳಗಿಂದ ಬರುವ ಗಾಳಿ ರೋಟರನ್ನು ತಿರುಗಿಸುತ್ತೆ. ಹೆಲಿಕಾಪ್ಟರ್ ಮುಂದಕ್ಕೆ ಜಾರುತ್ತಾ ನಿಮಿಷಕ್ಕೆ ಸುಮಾರು 1500ರಿಂದ 2000 ಅಡಿಯಂತೆ ಇಳಿಯುತ್ತೆ. ಸಾವಿರ ಅಡಿ ಎತ್ತರದಲ್ಲಿದ್ದರೆ ಅರ್ಧ ನಿಮಿಷ ಸಿಕ್ಕೀತು, ಅಷ್ಟರಲ್ಲಿ ಜಾಗ ಹುಡುಕಬೇಕು, ಗಾಳಿಗೆ ಎದುರಾಗಬೇಕು. ನೆಲ ಹತ್ತಿರ ಬಂದಾಗ ಮೂತಿ ಎತ್ತಿ ಓಟ ತಗ್ಗಿಸಬೇಕು. ಇದನ್ನು ಫ್ಲೇರ್ ಅಂತಾರೆ. ಕೊನೆಗೆ ಮಟ್ಟ ಮಾಡಿಕೊಂಡು, ಲಿವರ್ ಮೇಲಕ್ಕೆತ್ತಿ, ರೋಟರ್‌ನಲ್ಲಿ ಉಳಿದಿರುವ ತಿರುಗುವ ಶಕ್ತಿಯನ್ನು ಖರ್ಚು ಮಾಡಿ ಮೆಲ್ಲಗೆ ನೆಲ ಮುಟ್ಟಿಸಬೇಕು. ಆ ಶಕ್ತಿ ಕೈಯಲ್ಲಿರುವ ಕೊನೆಯ ನೋಟಿದ್ದ ಹಾಗೆ. ಬೇಗ ಖರ್ಚು ಮಾಡಿದರೆ ನೆಲದಿಂದ ಮೇಲೆಯೇ ಖಾಲಿ, ತಡ ಮಾಡಿದರೆ ನೆಲಕ್ಕೆ ಬಡಿತ. ಎರಡನೇ ಅವಕಾಶ ಇಲ್ಲ.

ಎಲ್ಲಿ ತಪ್ಪುತ್ತೆ?

ತರಬೇತಿ ಅಪಘಾತಗಳನ್ನು ನೋಡಿದರೆ ತಪ್ಪುಗಳು ಹೆಚ್ಚುಕಡಿಮೆ ಅವೇ.

ಮೊದಲನೆಯದು, ಮುನ್ಸೂಚನೆ ಕೊಡದೆ ಥ್ರಾಟಲ್ ಇಳಿಸುವುದು. ಕಲಿಯುವವನು ಗಾಬರಿಯಲ್ಲಿ ಲಿವರ್ ಕೆಳಗಿಳಿಸುವ ಬದಲು ಮೇಲಕ್ಕೆಳೆದರೆ ರೋಟರ್ ವೇಗ ಕುಸಿಯುತ್ತೆ.

ಎರಡನೆಯದು, ಗುರು ತಡವಾಗಿ ಕೈ ಹಾಕುವುದು. ಶಿಷ್ಯ ತಾನೇ ಸರಿಪಡಿಸಿಕೊಳ್ಳಲಿ ಅಂತ ಕಾಯುವುದು ಒಳ್ಳೆಯ ಮೇಷ್ಟ್ರ ಲಕ್ಷಣ. ಆದರೆ ಇಲ್ಲಿ ಅರ್ಧ ಸೆಕೆಂಡ್ ಜಾಸ್ತಿ ಕಾದರೂ ಮೇಷ್ಟ್ರ ಕೈಯಲ್ಲೂ ಏನೂ ಉಳಿದಿರೋದಿಲ್ಲ. ಅನುಭವಿ ತರಬೇತುದಾರರು ಕೂತಿದ್ದ ಹೆಲಿಕಾಪ್ಟರ್‌ಗಳೂ ಹೀಗೆ ಬಿದ್ದಿವೆ.

ಮೂರನೆಯದು, ಫ್ಲೇರ್ ಲೆಕ್ಕ ತಪ್ಪುವುದು. ತೀರಾ ಕೆಳಗೆ ಮೂತಿ ಎತ್ತಿದರೆ ಬಾಲ ನೆಲಕ್ಕೆ ತಗಲುತ್ತೆ. ಓಟ ತಗ್ಗದೆ ಅಥವಾ ಓರೆಯಾಗಿ ಇಳಿದರೆ ಕಾಲು ಮಣ್ಣಿನಲ್ಲಿ ಸಿಕ್ಕಿ ಹೆಲಿಕಾಪ್ಟರ್ ಮಗುಚುತ್ತೆ.

ನಾಲ್ಕನೆಯದು, ಕೊನೇ ಗಳಿಗೆಯಲ್ಲಿ ಇಂಜಿನ್ ಶಕ್ತಿ ವಾಪಸ್ ಕೊಟ್ಟು ಮೇಲೇಳುವ ಅಭ್ಯಾಸ. ಕೊಟ್ಟ ತಕ್ಷಣ ಇಂಜಿನ್ ಸ್ಪಂದಿಸದಿದ್ದರೆ ಅಭ್ಯಾಸ ಹೋಗಿ ನಿಜವಾದ ತುರ್ತು ಪರಿಸ್ಥಿತಿಯೇ ಎದುರಾಗುತ್ತೆ. ಸುಡು ಬಿಸಿಲು, ಎತ್ತರದ ಪ್ರದೇಶ, ತುಂಬಿದ ಭಾರ ಇದ್ದರೆ ಕಷ್ಟ ಇನ್ನೂ ಜಾಸ್ತಿ, ಯಾಕಂದ್ರೆ ತೆಳುವಾದ ಗಾಳಿಯಲ್ಲಿ ರೆಕ್ಕೆಗೆ ಹಿಡಿತ ಕಡಿಮೆ.

ಇದರ ಜೊತೆಗೆ, ಎತ್ತರವೂ ಇಲ್ಲ, ಓಟವೂ ಇಲ್ಲ ಅನ್ನುವ ಸ್ಥಿತಿ ಎಲ್ಲಕ್ಕಿಂತ ಅಪಾಯ. ಹೆಲಿಕಾಪ್ಟರ್ ನೂರಿನ್ನೂರು ಅಡಿ ಮೇಲೆ ಸುಮ್ಮನೆ ನಿಂತಿರುವಾಗ ಇಂಜಿನ್ ಹೋದರೆ ರೋಟರ್‌ಗೆ ಗಾಳಿ ಸಿಗುವಷ್ಟು ಸಮಯವೇ ಇರೋದಿಲ್ಲ. ಪ್ರತಿ ಹೆಲಿಕಾಪ್ಟರ್‌ನ ಕೈಪಿಡಿಯಲ್ಲೂ ಈ ಅಪಾಯದ ವಲಯವನ್ನು ಗೆರೆ ಹಾಕಿ ತೋರಿಸಿರುತ್ತಾರೆ.

ಕಲಿಸುವ ರೀತಿಯೇ ಬದಲಾಯಿತು

ಅಮೆರಿಕದ ಸೇನೆ ಲೆಕ್ಕ ಹಾಕಿ ನೋಡಿತು. ನಿಜವಾಗಿ ಇಂಜಿನ್ ಕೆಟ್ಟು ಆಗುವ ನಷ್ಟಕ್ಕಿಂತ, ನೆಲ ಮುಟ್ಟಿಸುವ ಅಭ್ಯಾಸದಲ್ಲಿ ಆಗುವ ನಷ್ಟವೇ ಭಾರವಾಗಿತ್ತು. 1980ರ ದಶಕದಲ್ಲಿ ನೆಲ ಮುಟ್ಟಿಸುವ ಅಭ್ಯಾಸವನ್ನು ಅದು ಬಹುಪಾಲು ನಿಲ್ಲಿಸಿತು. 1979ರಲ್ಲಿ ಮಾನ್ಯತೆ ಪಡೆದು ತರಬೇತಿ ಶಾಲೆಗಳಲ್ಲಿ ತುಂಬಿಹೋದ ರಾಬಿನ್‌ಸನ್ ಆರ್-22 ಎಂಬ ಪುಟ್ಟ ಹೆಲಿಕಾಪ್ಟರ್‌ನ ರೋಟರ್ ಬಲು ಹಗುರ, ವೇಗ ಬೇಗ ಕುಸಿಯುತ್ತೆ. ಸಾಲು ಸಾಲು ಅಪಘಾತಗಳ ನಂತರ 1995ರಲ್ಲಿ ಅಮೆರಿಕ ಸರ್ಕಾರ ಅದಕ್ಕೂ ಅದರ ಅಣ್ಣನಂಥ ಆರ್-44ಗೂ ವಿಶೇಷ ತರಬೇತಿ ನಿಯಮ ತಂದಿತು. ತರಬೇತುದಾರರಿಗೂ ಹೆಚ್ಚಿನ ಅನುಭವ ಕಡ್ಡಾಯವಾಯಿತು.

ಈಗ ಬಹಳ ಕಡೆ ಮೊದಲು ಸಿಮ್ಯುಲೇಟರ್‌ನಲ್ಲಿ ಕಲಿಸುತ್ತಾರೆ. ಅಲ್ಲಿ ನೂರು ಸಲ ಬಿದ್ದರೂ ಯಾರಿಗೂ ಗಾಯ ಇಲ್ಲ. ನಿಜವಾದ ಹಾರಾಟದಲ್ಲಿ ಮುಂಚೆಯೇ ಮಾತಾಡಿಕೊಂಡು, ಇಂತಿಷ್ಟು ಎತ್ತರದಲ್ಲಿ ರೋಟರ್ ವೇಗ, ಓಟ, ಇಳಿಯುವ ಗತಿ ಮೂರೂ ಸರಿ ಇಲ್ಲದಿದ್ದರೆ ಅಭ್ಯಾಸ ಅಲ್ಲಿಗೇ ಬಿಟ್ಟು ಮೇಲೇಳಬೇಕು ಅನ್ನೋದು ಒಪ್ಪಿತ ಪದ್ಧತಿ. ಆದರೆ ಪೂರ್ತಿ ಬಿಟ್ಟುಬಿಡಲೂ ಆಗೋದಿಲ್ಲ. ಅಭ್ಯಾಸವೇ ಇಲ್ಲದ ಕೈ, ನಿಜವಾದ ದಿನ ಬಂದಾಗ ಆ ಎರಡು ಸೆಕೆಂಡ್‌ನಲ್ಲಿ ಕೆಲಸ ಮಾಡೋದಿಲ್ಲ. ಎಷ್ಟು ಕಲಿಸಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ.

ನಮ್ಮ ತಾಲೂಕಿಗೂ ಇದಕ್ಕೂ ಏನು ನಂಟು?

ಬಿದರೆಹಳ್ಳ ಕಾವಲ್‌ನ 615 ಎಕರೆ ಜಾಗದ ಕಾರ್ಖಾನೆಗೆ 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿ, 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಮೊದಲಿಗೆ ಇಲ್ಲಿ ತಯಾರಿಸಲು ಆರಿಸಿಕೊಂಡಿದ್ದು ಲಘು ಉಪಯೋಗಿ ಹೆಲಿಕಾಪ್ಟರ್, ಎಲ್‌ಯುಎಚ್. ಮೂರು ಟನ್ ದರ್ಜೆಯ ಇದಕ್ಕೆ ಇರುವುದು ಒಂದೇ ಇಂಜಿನ್. ಒಂದೇ ಇಂಜಿನ್‌ನ ಯಾವ ಹೆಲಿಕಾಪ್ಟರ್‌ಗೇ ಆಗಲಿ, ಅದು ನಿಂತರೆ ಉಳಿಯುವ ದಾರಿ ಸಿಯೆರ್ವಾ ತೋರಿಸಿದ ದಾರಿ ಒಂದೇ. ಅಂದ್ರೆ ನೂರು ವರ್ಷದ ಹಿಂದೆ ಮ್ಯಾಡ್ರಿಡ್‌ನ ಮೈದಾನದಲ್ಲಿ ಪರೀಕ್ಷೆಯಾದ ವಿದ್ಯೆ ಈಗ ನಮ್ಮ ತಾಲೂಕಿನಲ್ಲಿ ತಯಾರಾಗುವ ಯಂತ್ರದ ಜೊತೆಗೂ ಇದೆ.

ಕೊನೆಯದಾಗಿ ಓದುಗರಿಗೆ ಒಂದು ಉಪಯೋಗದ ಮಾತು. ಯಾವುದೇ ಹೆಲಿಕಾಪ್ಟರ್ ಹೊಲದಲ್ಲೋ ಕೆರೆ ಅಂಗಳದಲ್ಲೋ ತುರ್ತಾಗಿ ಇಳಿದರೆ ಮೊಬೈಲ್ ಹಿಡಿದು ಹತ್ತಿರ ಓಡಬೇಡಿ. ಇಂಜಿನ್ ನಿಂತರೂ ರೆಕ್ಕೆ ಇನ್ನೂ ಸ್ವಲ್ಪ ಹೊತ್ತು ತಿರುಗುತ್ತಿರುತ್ತೆ. ವೇಗ ಕಡಿಮೆಯಾದಂತೆ ಅದರ ತುದಿ ಕೆಳಕ್ಕೆ ಬಾಗುತ್ತೆ. ಬಾಲದ ಸಣ್ಣ ಪಂಖವಂತೂ ತಿರುಗುವಾಗ ಕಣ್ಣಿಗೇ ಕಾಣೋದಿಲ್ಲ, ಹಿಂದಿನಿಂದ ಯಾವತ್ತೂ ಹೋಗಬಾರದು. ಮಕ್ಕಳನ್ನು, ದನಕರುಗಳನ್ನು ದೂರ ಇಡಿ, ಬೀಡಿ ಸಿಗರೇಟು ಹಚ್ಚಬೇಡಿ, 112ಕ್ಕೆ ಫೋನ್ ಮಾಡಿ. ಪೈಲಟ್ ಕೈಸನ್ನೆ ಮಾಡಿ ಕರೆದರೆ ಮಾತ್ರ, ಅವರ ಕಣ್ಣಿಗೆ ಕಾಣುವ ಹಾಗೆ ಮುಂದಿನ ಕಡೆಯಿಂದ, ತಲೆ ತಗ್ಗಿಸಿ ಹೋಗಿ.

ಇನ್ನು ಟೀ ಅಂಗಡಿಯಲ್ಲಿ ಯಾರಾದರೂ ಇಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನ ಹಾಗೆ ಬೀಳುತ್ತೆ ಅಂದ್ರೆ, ಬೀಳಲೇಬೇಕೆಂದಿಲ್ಲ ಅಂತ ಹೇಳಿ. ಪೈಲಟ್‌ನ ಕೈ ಪಳಗಿರಬೇಕು, ಕಲಿಸಿದವರು ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದ್ದವರಾಗಿರಬೇಕು. ಹಾಗಿದ್ದರೆ ಇಳಿಯುವ ದಾರಿ ಇದೆ.